ಮಗಳ ಮಿನಿ ಬೈಕ್ ಚಂಗನೆ ಹಾರುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಗಳಿಗೆ 7 ವರ್ಷ, ಸೈಕಲ್ ಚೆನ್ನಾಗಿ ಹೊಡೆಯುತ್ತಾಳೆ. ಅವಳಿಗೆಂದು 49 ಸಿಸಿ ಮಿನಿ ಡರ್ಟ್ ಬೈಕ್ ತರಿಸಿದೆವು. ಟೂ-ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು, ಗೇರ್ ಇಲ್ಲ. ಎಕ್ಸಿಲೇಟರ್ ಸ್ವಲ್ಪ ತಿರುಗಿಸಿದರೆ ಬರೀ ಸದ್ದು, ಬೈಕ್ ಅಲುಗುವುದಿಲ್ಲ. ಇನ್ನೊಂದು ಚೂರು ತಿರುಗಿಸಿದರೆ ಚಂಗನೆ ಹಾರುತ್ತದೆ. ಎರಡನೇ ದಿನವೇ ಬಿದ್ದಳು. ಪೆಟ್ಟು ಜಾಸ್ತಿ ಆಗಲಿಲ್ಲ, ಆದರೆ ಈಗ ಬೈಕಿನ ಹತ್ತಿರ ಬರಲೂ ಹೆದರುತ್ತಾಳೆ. ಒಬ್ಬ ಮೆಕ್ಯಾನಿಕ್ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ದೊಡ್ಡದು ಹಾಕಿ ಎಂದರು. ಇನ್ನೊಬ್ಬರು ಏರ್ ಫಿಲ್ಟರ್‌ಗೆ ಬಟ್ಟೆ ತುರುಕಿ, ಪವರ್ ಇಳಿಯುತ್ತದೆ ಎಂದರು. ಯಾವುದು ಸರಿ ಸರ್?

ಉತ್ತರ: ಮೊದಲು ಮಗಳ ವಿಷಯ. ಒಂದು ವಾರ ಬೈಕಿನ ಸುದ್ದಿಯನ್ನೇ ಎತ್ತಬೇಡಿ. "ಏನೂ ಆಗಲ್ಲ, ಹತ್ತು ಪುಟ್ಟಿ" ಎಂದು ಕೂರಿಸಬೇಡಿ. ಅವಳು ಹೆದರಿದ್ದು ಸರಿಯಾಗಿಯೇ ಇದೆ. ದೋಷ ಗಾಡಿಯಲ್ಲಿದೆ, ಅವಳಲ್ಲಿ ಅಲ್ಲ. ಆ ಒಂದು ವಾರ ನಿಮಗೆ ಕೈತುಂಬ ಕೆಲಸ ಇದೆ.

ದೋಷ ಏನೆಂದು ನೀವೇ ಬರೆದಿದ್ದೀರಿ. ಸ್ವಲ್ಪ ತಿರುಗಿಸಿದರೆ ಬರೀ ಸದ್ದು, ಇನ್ನೊಂದು ಚೂರಿಗೆ ಹಾರುತ್ತದೆ. ಇದು ಸ್ಪೀಡ್ ಜಾಸ್ತಿ ಇರುವ ತೊಂದರೆ ಅಲ್ಲ. ನಿಮ್ಮ ಮಗಳು ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಜೋರಾಗಿಯೇ ಹೋಗಿರುತ್ತಾಳೆ, ಹೆದರಿರುವುದಿಲ್ಲ. ಅಲ್ಲಿ ವೇಗ ಮೆಲ್ಲಗೆ ಏರುತ್ತದೆ. ಇಲ್ಲಿ ನಿಂತ ಗಾಡಿ ಒಂದೇ ಏಟಿಗೆ ಓಡಿತು. ನಾನು ಬಹಳ ವರ್ಷದಿಂದ ಮಕ್ಕಳ ಬೈಕ್ ರಿಪೇರಿ ಮಾಡುತ್ತಿದ್ದೇನೆ, ಮಕ್ಕಳಿಗೆ ಕಲಿಸುತ್ತಲೂ ಇದ್ದೇನೆ. ಹೊಸದಾಗಿ ಕಲಿಯುವ ಮಕ್ಕಳು ಬೀಳುವುದು ಓಡುವಾಗ ಕಡಿಮೆ, ಹೊರಡುವಾಗ ಹೆಚ್ಚು. ಹಾಗಾಗಿ ನಾವು ಸರಿ ಮಾಡಬೇಕಾದದ್ದು ಆ ಮೊದಲ ಎರಡು ಸೆಕೆಂಡ್.

ಆ ಎರಡು ಸೆಕೆಂಡಿನಲ್ಲಿ ಏನಾಗುತ್ತದೆ ನೋಡಿ. ಈ ಬೈಕಿನಲ್ಲಿ ಕೈಯಿಂದ ಹಿಡಿಯುವ ಕ್ಲಚ್ ಇಲ್ಲ. ಎಂಜಿನ್ ತಿರುಗುವ ವೇಗಕ್ಕೆ ತಾನಾಗಿಯೇ ಹಿಡಿಯುವ ಕ್ಲಚ್ ಇದೆ. ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಇರುವುದೂ ಇದೇ ಜಾತಿಯದು. ನಿಮ್ಮ ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಇದ್ದರೆ ಅದರಲ್ಲೂ ಇದೇ ಇರುತ್ತದೆ. ಎಂಜಿನ್ನಿನ ತುದಿಯಲ್ಲಿ ಎರಡೋ ಮೂರೋ ಶೂ, ಅಂದರೆ ಬ್ರೇಕಿನಲ್ಲಿ ಇರುವಂಥ ಹಿಡಿಯುವ ತುಂಡುಗಳು. ಸಣ್ಣ ಸ್ಪ್ರಿಂಗ್‌ಗಳು ಅವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಎಂಜಿನ್ ಜೋರಾಗಿ ತಿರುಗಿದಾಗ ಶೂಗಳು ಹೊರಕ್ಕೆ ಚಾಚಿ, ಸುತ್ತ ಇರುವ ಡ್ರಮ್ಮನ್ನು ಹಿಡಿಯುತ್ತವೆ. ಆಗ ಚೈನ್ ತಿರುಗುತ್ತದೆ, ಬೈಕ್ ಹೊರಡುತ್ತದೆ.

ಸ್ಪ್ರಿಂಗ್ ಗಟ್ಟಿಯಾಗಿದ್ದಷ್ಟೂ ಶೂ ತಡವಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಎಂಜಿನ್ ಕಿರುಚುತ್ತಿರುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನ ಗುಣ ನಿಮಗೆ ಗೊತ್ತೇ ಇದೆ. ಕೆಳಗಿನ ವೇಗದಲ್ಲಿ ಶಕ್ತಿ ಇರುವುದಿಲ್ಲ, ಮೇಲೆ ಹೋದ ಮೇಲೆ ಒಮ್ಮೆಗೇ ಉಕ್ಕಿ ಬರುತ್ತದೆ. ಸರಿಯಾಗಿ ಆ ಉಕ್ಕಿನ ಹೊತ್ತಿಗೆ ಕ್ಲಚ್ ಹಿಡಿದರೆ ಬೈಕ್ ಹಾರದೆ ಇನ್ನೇನು ಮಾಡೀತು?

ಇನ್ನರ್ಧ ವಿಷಯ ಮಗುವಿನ ಮೈಯಲ್ಲಿದೆ. ಗಾಡಿ ಮುಂದಕ್ಕೆ ಜಿಗಿದರೆ ಮೈ ಹಿಂದಕ್ಕೆ ವಾಲುತ್ತದೆ. ಬೀಳಬಾರದು ಎಂದು ಮಗು ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೈ ಹಿಂದೆ ಹೋದಂತೆ ಮಣಿಕಟ್ಟು ಕೆಳಗೆ ಇಳಿಯುತ್ತದೆ, ಅದರ ಜೊತೆ ಎಕ್ಸಿಲೇಟರ್ ಇನ್ನಷ್ಟು ತೆರೆಯುತ್ತದೆ. ಗಾಡಿ ಇನ್ನೂ ಜೋರಾಗಿ ಓಡುತ್ತದೆ, ಮೈ ಇನ್ನೂ ಹಿಂದೆ ಹೋಗುತ್ತದೆ. ನಾವು ಹಿಂದಿನಿಂದ "ಬಿಡು, ಬಿಡು" ಎಂದು ಕೂಗುತ್ತೇವೆ. ಆ ಹೊತ್ತಿನಲ್ಲಿ ದೊಡ್ಡವರಿಗೇ ಬಿಡಲು ಆಗುವುದಿಲ್ಲ. ಮೊದಲ ಸಲ ಸ್ಕೂಟಿ ಕಲಿಯುವವರು ನೇರ ಹೋಗಿ ಕಾಂಪೌಂಡಿಗೆ ಗುದ್ದುವುದು ಇದೇ ಕಾರಣಕ್ಕೆ. ಏಳು ವರ್ಷದ ಮಗುವನ್ನು ಇದಕ್ಕೆ ಬೈಯಬಾರದು.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಕಿಲ್ ಸ್ವಿಚ್ಚಿನ ಹಗ್ಗ. ಕೆಲವು ಬೈಕುಗಳಲ್ಲಿ ಇದು ಬಂದಿರುತ್ತದೆ: ಹ್ಯಾಂಡಲ್ ಹತ್ತಿರ ಒಂದು ಕ್ಲಿಪ್, ಅದಕ್ಕೊಂದು ದಾರ. ಕ್ಲಿಪ್ ಕಿತ್ತು ಬಂದರೆ ಎಂಜಿನ್ ನಿಲ್ಲುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಹಾಕಿಸಿಕೊಳ್ಳಿ, ದೊಡ್ಡ ಖರ್ಚಲ್ಲ. ಇಂಥ ಎಂಜಿನ್‌ಗಳಲ್ಲಿ ಇಗ್ನಿಷನ್ ಕಾಯಿಲ್‌ನಿಂದ ಬರುವ ಕಿಲ್ ವೈರ್ ಬಾಡಿಗೆ ತಾಗಿದರೆ ಪ್ಲಗ್ಗಿಗೆ ಕರೆಂಟ್ ಹೋಗುವುದು ನಿಲ್ಲುತ್ತದೆ. ಹಾಗಾಗಿ ಕ್ಲಿಪ್ ಕಿತ್ತಾಗ ಎರಡು ವೈರ್ ಸೇರುವಂಥ ಸ್ವಿಚ್ಚೇ ಬೇಕು, ಬಿಟ್ಟುಹೋಗುವಂಥದ್ದಲ್ಲ. ಅಂಗಡಿಯಲ್ಲಿ ಇದನ್ನು ಹೇಳಿಯೇ ಕೇಳಿ. ಆ ದಾರಕ್ಕೆ ಸುಮಾರು ಮೂರು ಮೀಟರ್ ಹಗ್ಗ ಕಟ್ಟಿ, ತುದಿ ನಿಮ್ಮ ಕೈಯಲ್ಲಿರಲಿ. ಕೈಗೆ ಸುತ್ತಿಕೊಳ್ಳಬೇಡಿ, ಸುಮ್ನೆ ಹಿಡಿದಿರಿ. ಹಗ್ಗ ಹಿಂದಿನ ಚಕ್ರಕ್ಕೂ ಚೈನಿಗೂ ಸಿಗದ ಹಾಗೆ ಒಂದು ಪಕ್ಕದಿಂದ ಬರಲಿ. ಬೈಕ್ ಓಡಿಹೋದರೆ ನೀವು ಎಳೆಯುವುದೂ ಬೇಡ, ನಿಂತರೆ ಸಾಕು, ಎಂಜಿನ್ ಆಫ್. ಉಳಿದ ಯಾವ ಕೆಲಸ ಮಾಡದಿದ್ದರೂ ಇದೊಂದನ್ನು ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಆಮೇಲೆ ಸ್ಲೋ ಸೆಟ್ಟಿಂಗ್, ಅಂದರೆ ಎಕ್ಸಿಲೇಟರ್ ಕೊಡದಾಗ ಎಂಜಿನ್ ತಿರುಗುವ ವೇಗ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಬೈಕನ್ನು ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿ. ಎರಡು ಮೂರು ನಿಮಿಷ ಬಿಸಿಯಾಗಲಿ. ನಂತರ ಬ್ರೇಕ್ ಹಿಡಿದು, ಸಮತಟ್ಟಾದ ನೆಲಕ್ಕೆ ಇಳಿಸಿ, ಬ್ರೇಕ್ ಬಿಡಿ. ಎಕ್ಸಿಲೇಟರ್ ಮುಟ್ಟದೆ ಬೈಕ್ ತಾನಾಗಿ ಒಂದು ಇಂಚೂ ಮುಂದೆ ಹೋಗಬಾರದು. ಹೋದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನ ಐಡಲ್ ಸ್ಕ್ರೂ ಇಳಿಸಿ. ಇಳಿಸಿದರೂ ತೆವಳುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ಸಡಿಲವಾಗಿದೆ, ಇಲ್ಲವೇ ಮುರಿದಿದೆ ಎಂದರ್ಥ. ಒಮ್ಮೆ ನನ್ನ ಬಳಿಗೆ ಬಂದ ಬೈಕಿನಲ್ಲಿ ಒಂದು ಸ್ಪ್ರಿಂಗ್ ತುಂಡಾಗಿತ್ತು. ಹಗ್ಗ ಎಳೆದ ಕೂಡಲೇ ಗಾಡಿ ಓಡುತ್ತಿತ್ತು. ಮನೆಯವರು ಅದನ್ನು ಪಿಕಪ್ ಚೆನ್ನಾಗಿದೆ ಎಂದುಕೊಂಡಿದ್ದರು. ಆ ಮನೆಯ ಹುಡುಗನ ಮೊಣಕೈ ಗಾಯ ನೋಡಿದ ಮೇಲೆ, ಯಾವ ಮಿನಿ ಬೈಕ್ ಬಂದರೂ ನಾನು ಮೊದಲು ಕ್ಲಚ್ಚನ್ನೇ ಬಿಚ್ಚುತ್ತೇನೆ.

ನೀವೂ ಬಿಚ್ಚಿಸಿ. ಕೈಪಳಗಿದ ಮೆಕ್ಯಾನಿಕ್‌ಗೆ ಇದು ದೊಡ್ಡ ಕೆಲಸವಲ್ಲ. ಒಳಗೆ ಮೂರು ವಿಷಯ ನೋಡಬೇಕು. ಶೂ ಮತ್ತು ಡ್ರಮ್ ಮೇಲೆ ಎಣ್ಣೆ ಜಿಡ್ಡು ಇದೆಯೇ? ಇದ್ದರೆ ಕ್ಲಚ್ ಜಾರಿ ಜಾರಿ ಆಮೇಲೆ ಗಬಕ್ಕನೆ ಹಿಡಿಯುತ್ತದೆ. ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಶೂಗಳ ಮೈ ಕನ್ನಡಿಯಂತೆ ಹೊಳೆಯುತ್ತಿದೆಯೇ? ನುಣ್ಣನೆಯ ಎಮರಿ ಪೇಪರ್‌ನಿಂದ ಹಗುರವಾಗಿ ಉಜ್ಜಿ ಹೊಳಪು ತೆಗೆಯಿರಿ. ಕೊನೆಗೆ ಸ್ಪ್ರಿಂಗ್‌ಗಳು. ಎಲ್ಲವೂ ಒಂದೇ ಉದ್ದ, ಒಂದೇ ಗಟ್ಟಿ ಇರಬೇಕು. ಒಂದು ಹಳತು ಒಂದು ಹೊಸತು ಇದ್ದರೆ ಒಂದು ಶೂ ಮೊದಲು ಹಿಡಿಯುತ್ತದೆ, ಇನ್ನೊಂದು ತಡವಾಗಿ, ಗಾಡಿ ಕುಲುಕುತ್ತದೆ. ಬದಲಿಸುವುದಾದರೆ ಪೂರಾ ಸೆಟ್ಟನ್ನೇ ಬದಲಿಸಿ.

ಮಗುವಿಗೆ ಯಾವ ಸ್ಪ್ರಿಂಗ್? ಇಲ್ಲಿ ಸುಮಾರು ಜನ ಉಲ್ಟಾ ಯೋಚಿಸುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಲಚ್ ತಡವಾಗಿ ಹಿಡಿಯುತ್ತದೆ, ಆದ್ದರಿಂದ ಮಗುವಿಗೆ ಒಳ್ಳೆಯದು ಎನ್ನುತ್ತಾರೆ. ತಡವಾಗಿ ಹಿಡಿಯುವುದೇ ನಿಮ್ಮ ಕಷ್ಟಕ್ಕೆ ಕಾರಣ. ಮೆದು ಸ್ಪ್ರಿಂಗ್ ಹಾಕಿ. ಎಂಜಿನ್ ಇನ್ನೂ ಮೆಲ್ಲಗೆ ತಿರುಗುತ್ತಿರುವಾಗಲೇ, ಶಕ್ತಿ ಕಡಿಮೆ ಇರುವಾಗಲೇ ಶೂ ಹಿಡಿಯುತ್ತದೆ. ಬೈಕ್ ಉರುಳಿಕೊಂಡು ಹೊರಡುತ್ತದೆ. ಆದರೆ ತೀರಾ ಮೆದು ಆದರೆ ಸ್ಲೋನಲ್ಲೇ ಹಿಡಿದುಬಿಡುತ್ತದೆ. ಆಗ ಮೇಲೆ ಹೇಳಿದ ತೆವಳುವ ತೊಂದರೆ ಶುರು. ಸ್ಪ್ರಿಂಗ್ ಬದಲಿಸಿದ ಮೇಲೆ ಆ ಪರೀಕ್ಷೆಯನ್ನು ಮತ್ತೆ ಮಾಡಿ. ಸ್ಪ್ರಿಂಗನ್ನು ಕೈಯಲ್ಲಿ ಎಳೆದು ಉದ್ದ ಮಾಡಿ ಮೆದು ಮಾಡುವವರೂ ಇದ್ದಾರೆ. ದಯವಿಟ್ಟು ಬೇಡ. ಎಳೆದ ಸ್ಪ್ರಿಂಗ್ ಯಾವಾಗ ತುಂಡಾಗುತ್ತದೋ ಹೇಳಲಾಗದು.

ಇನ್ನು ಎಕ್ಸಿಲೇಟರ್. ಬಲಗೈ ಹಿಡಿಕೆಯ ಬುಡದಲ್ಲಿ, ಕೇಬಲ್ ಹೊಕ್ಕುವ ಡಬ್ಬಿಯಲ್ಲಿ, ಲಾಕ್ ನಟ್ ಇರುವ ಒಂದು ಸಣ್ಣ ಸ್ಕ್ರೂ ಇದೆಯೇ ನೋಡಿ. ಅದು ಲಿಮಿಟರ್. ಒಳಕ್ಕೆ ತಿರುಗಿಸಿದಷ್ಟೂ ಎಕ್ಸಿಲೇಟರ್ ಕಡಿಮೆ ತೆರೆಯುತ್ತದೆ. ಯಮಹಾದ ಪಿಡಬ್ಲ್ಯೂ50, ಹೋಂಡಾದ ಸಿಆರ್‌ಎಫ್50ಎಫ್‌ನಂಥ ಮಕ್ಕಳ ಬೈಕುಗಳಲ್ಲಿ ಇಂಥ ಸ್ಕ್ರೂವನ್ನು ಕಂಪನಿಯವರೇ ಕೊಟ್ಟಿರುತ್ತಾರೆ. ಅಗ್ಗದ ಬೈಕುಗಳಲ್ಲೂ ಎಷ್ಟೋ ಸಲ ಇರುತ್ತದೆ, ಪುಸ್ತಕದಲ್ಲಿ ಬರೆದಿರುವುದಿಲ್ಲ ಅಷ್ಟೇ.

ಸ್ಕ್ರೂ ಇಲ್ಲದಿದ್ದರೆ ಇನ್ನೊಂದು ದಾರಿ. ಕಾರ್ಬುರೇಟರ್‌ನ ಮೇಲಿನ ಮುಚ್ಚಳ ಬಿಚ್ಚಿದರೆ ಕೇಬಲ್, ಅದರ ಸುತ್ತ ಸ್ಪ್ರಿಂಗ್, ತುದಿಯಲ್ಲಿ ಸ್ಲೈಡ್ (ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆಯುವ ಭಾಗ) ಬರುತ್ತದೆ. ಸ್ಪ್ರಿಂಗಿನ ಒಳಗೆ ಕೇಬಲ್ ಸುತ್ತ ಗಟ್ಟಿ ಪ್ಲಾಸ್ಟಿಕ್ ಟ್ಯೂಬಿನ ತುಂಡೊಂದನ್ನು ಕೂರಿಸಬೇಕು. ಸ್ಲೈಡ್ ಮೇಲೇಳುವಾಗ ಆ ತುಂಡು ಮುಚ್ಚಳಕ್ಕೆ ತಾಗಿ ತಡೆಯುತ್ತದೆ. ಸ್ಲೈಡ್ ಒಟ್ಟು ಎಷ್ಟು ಏಳುತ್ತದೆ ಎಂದು ಅಳೆದು, ಕಾಲು ಭಾಗ ಮಾತ್ರ ಏಳುವ ಹಾಗೆ ತುಂಡನ್ನು ಕತ್ತರಿಸಿ. ಪೆಟ್ರೋಲಿಗೆ ಕರಗದ ಟ್ಯೂಬ್ ಆಗಬೇಕು. ತುದಿಗಳು ನೇರವಾಗಿ, ಚೂರುಪಾರು ಇಲ್ಲದೆ ಇರಬೇಕು. ಜೋಡಿಸಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಎಕ್ಸಿಲೇಟರನ್ನು ಇಪ್ಪತ್ತು ಸಲ ತಿರುಗಿಸಿ ಬಿಡಿ. ಪ್ರತಿ ಸಲವೂ ಟಕ್ ಎಂದು ಸ್ಲೈಡ್ ಪೂರ್ತಿ ಕೆಳಗೆ ಬೀಳಬೇಕು. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಯೂ ಹೀಗೇ ನೋಡಿ. ಒಂದೇ ಒಂದು ಸಲ ಸಿಕ್ಕಿಕೊಂಡರೂ ಬಿಚ್ಚಿ ಮತ್ತೆ ಮಾಡಿ. ಕೇಬಲ್‌ನ ಪ್ಲೇ (ಎಳೆತ ಶುರುವಾಗುವ ಮೊದಲಿನ ಸಡಿಲ) 3ರಿಂದ 5 ಮಿಲಿಮೀಟರ್ ಇರಲಿ. ಪ್ಲೇ ಇಲ್ಲದಿದ್ದರೆ ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಎಳೆದು ಎಂಜಿನ್ ತಾನಾಗಿ ಏರುತ್ತದೆ.

ಎಷ್ಟಕ್ಕೆ ನಿಲ್ಲಿಸಬೇಕು? ನನ್ನ ಅಳತೆ ಇದು: ಎಕ್ಸಿಲೇಟರ್ ಪೂರ್ತಿ ತಿರುಗಿಸಿದರೂ ನೀವು ಪಕ್ಕದಲ್ಲಿ ಬಿರುಸಾಗಿ ನಡೆದರೆ ಜೊತೆಗೆ ಹೋಗುವಂತಿರಬೇಕು. ಇದನ್ನು ಮಗಳನ್ನು ಕೂರಿಸಿ ಪರೀಕ್ಷಿಸಬೇಡಿ. ಅವಳ ತೂಕದಷ್ಟು, ಇಪ್ಪತ್ತು ಇಪ್ಪತ್ತೆರಡು ಕೆಜಿ ಅಕ್ಕಿಯ ಚೀಲವನ್ನು ಸೀಟಿಗೆ ಬಿಗಿದು ಕಟ್ಟಿ, ಕಿಲ್ ಸ್ವಿಚ್ಚಿನ ದಾರ ಕೈಯಲ್ಲಿ ಹಿಡಿದುಕೊಂಡು, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಯಿರಿ. ಚೀಲದ ಜೊತೆ ಹತ್ತು ಸಲ ಹೊರಟು ನಿಂತರೆ ಬೈಕಿನ ಗುಣ ನಿಮಗೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಎಕ್ಸಿಲೇಟರನ್ನು ತೀರಾ ಕಟ್ಟಿಹಾಕಿದರೆ ಕ್ಲಚ್ ಪೂರ್ತಿ ಹಿಡಿಯುವುದೇ ಇಲ್ಲ, ಅರ್ಧ ಜಾರುತ್ತಲೇ ಇರುತ್ತದೆ. ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಈಗ ನೋಡಿ, ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ ದೊಡ್ಡ ಸ್ಪ್ರಾಕೆಟ್ಟಿಗೆ ಕೆಲಸ ಬರುವುದು ಇಲ್ಲಿ. ಹಿಂದೆ 44 ಹಲ್ಲಿನ ಬದಲು 54 ಹಲ್ಲಿನದು ಹಾಕಿದಿರಿ ಎಂದುಕೊಳ್ಳಿ. ಅದೇ ಎಂಜಿನ್ ವೇಗಕ್ಕೆ ಗಾಡಿಯ ವೇಗ ಶೇಕಡಾ 18ರಷ್ಟು ಕಡಿಮೆ ಆಗುತ್ತದೆ. ಸರಿ. ಆದರೆ ಚಕ್ರಕ್ಕೆ ಸಿಗುವ ಎಳೆತ ಶೇಕಡಾ 23ರಷ್ಟು ಹೆಚ್ಚುತ್ತದೆ. ಕ್ಲಚ್ಚನ್ನೂ ಎಕ್ಸಿಲೇಟರನ್ನೂ ಮುಟ್ಟದೆ ಬರೀ ಸ್ಪ್ರಾಕೆಟ್ ಬದಲಿಸಿದರೆ ಬೈಕ್ ಇನ್ನೂ ಜೋರಾಗಿ ಹಾರುತ್ತದೆ, ಮುಂದಿನ ಚಕ್ರ ಏಳಲೂಬಹುದು. ಮೆದು ಸ್ಪ್ರಿಂಗ್, ಲಿಮಿಟರ್ ಎರಡೂ ಆದ ಮೇಲೆ ಹಾಕಿದರೆ ಕಥೆಯೇ ಬೇರೆ. ನಡಿಗೆಯ ವೇಗದಲ್ಲೇ ಕ್ಲಚ್ ಪೂರ್ತಿ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ, ಮಗುವಿಗೆ ನಿಧಾನವಾಗಿ ಸುತ್ತು ಹೊಡೆಯಲು ಆರಾಮ. ಅವರು ಹೇಳಿದ್ದು ತಪ್ಪಲ್ಲ. ಆದರೆ ಅದು ಕೊನೆಯ ಕೆಲಸ, ಮೊದಲನೆಯದಲ್ಲ. ದೊಡ್ಡ ಸ್ಪ್ರಾಕೆಟ್ಟಿಗೆ ಚೈನ್ ಒಂದೆರಡು ಕೊಂಡಿ ಉದ್ದ ಬೇಕಾಗಬಹುದು, ಚೈನ್ ಗಾರ್ಡಿಗೆ ತಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಎರಡನೆಯವರ ಬಟ್ಟೆ ತುರುಕುವ ಸಲಹೆ ಮಾತ್ರ ಬೇಡವೇ ಬೇಡ. ಗಾಳಿ ಕಡಿಮೆ ಆದರೆ ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಕಪ್ಪಾಗುತ್ತದೆ. ಎಂಜಿನ್ ಕೆಮ್ಮುತ್ತದೆ, ನಿಲ್ಲುತ್ತದೆ, ಒಮ್ಮೆ ಸತ್ತಂತೆ ಇದ್ದು ಮರುಕ್ಷಣ ಎಗರುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ಬೇಕಾದದ್ದು ಪ್ರತಿ ಸಲವೂ ಒಂದೇ ಥರ ನಡೆದುಕೊಳ್ಳುವ ಗಾಡಿ. ಇದರ ಉಲ್ಟಾ, ಅಂದರೆ ಪೆಟ್ರೋಲ್ ಕಡಿಮೆ ಮಾಡಿ ಶಕ್ತಿ ಇಳಿಸುವುದು, ಇನ್ನೂ ಕೆಟ್ಟದ್ದು. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಯೇ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಜಾಸ್ತಿ, ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಸೈಲೆನ್ಸರ್ ಬಾಯಿಗೆ ವಾಷರ್ ಇಟ್ಟು ಕಿರಿದು ಮಾಡುವವರೂ ಇದ್ದಾರೆ. ಪಿಡಬ್ಲ್ಯೂ50ರಲ್ಲಿ ಕಂಪನಿಯೇ ಅಂಥದ್ದೊಂದನ್ನು ಇಡುತ್ತದೆ ನಿಜ, ಆದರೆ ಅದು ಆ ಎಂಜಿನ್ನಿಗೆ ಲೆಕ್ಕ ಹಾಕಿ ಮಾಡಿದ್ದು. ನಾವು ಕಣ್ಣಂದಾಜಿನಲ್ಲಿ ಮಾಡಿದರೆ ಎಂಜಿನ್ ಬೇಯುತ್ತದೆ.

ಆಯಿಲ್ ವಿಷಯ ಬಂದದ್ದರಿಂದ ಹೇಳುತ್ತೇನೆ. ಇಂಥ ಬೈಕುಗಳಿಗೆ ಸಾಮಾನ್ಯವಾಗಿ 25ಕ್ಕೆ 1ರ ಮಿಶ್ರಣ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್. ನಿಮ್ಮ ಬೈಕಿನ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ತೋಟದಲ್ಲಿ ಕಳೆ ಮೆಷಿನ್‌ಗೆಂದು ಕಲಸಿಟ್ಟ ಕ್ಯಾನ್ ಇದ್ದೇ ಇರುತ್ತದೆ ಅಲ್ವಾ? ಅದನ್ನೇ ಇದಕ್ಕೆ ಸುರಿಯಬೇಡಿ. ಕೆಲವು ಮೆಷಿನ್‌ಗಳಿಗೆ 50ಕ್ಕೆ 1, ಲೀಟರಿಗೆ 20 ಎಂಎಲ್ ಮಾತ್ರ. ನಿಮ್ಮ ಬೈಕಿಗೆ ಅದು ಅರ್ಧ ಆಯಿಲ್ ಆಗುತ್ತದೆ. ಬೇರೆ ಬಣ್ಣದ ಕ್ಯಾನ್ ಇಡಿ.

ಬ್ರೇಕ್‌ಗೆ ಬರೋಣ. ಮಗಳನ್ನು ಕೂರಿಸಿ, ಎರಡು ಬೆರಳಿನಲ್ಲಿ ಲಿವರ್ ಎಳೆಯಲು ಹೇಳಿ. ಬೆರಳು ತಲುಪದಿದ್ದರೆ ಲಿವರನ್ನು ಹಿಡಿಕೆಗೆ ಹತ್ತಿರ ತನ್ನಿ, ಸ್ಕ್ರೂ ಇರುತ್ತದೆ. ಗಟ್ಟಿಯಾಗಿದ್ದರೆ ಕೇಬಲ್‌ಗೆ ಎಣ್ಣೆ ಬಿಡಿ ಅಥವಾ ಹೊಸ ಕೇಬಲ್ ಹಾಕಿ. ಅವಳು ಎರಡು ಬೆರಳಿನಲ್ಲಿ ಹಿಂದಿನ ಬ್ರೇಕ್ ಹಿಡಿದಿರುವಾಗ ನೀವು ಬೈಕ್ ತಳ್ಳಿ ನೋಡಿ, ಚಕ್ರ ತಿರುಗಬಾರದು. ಮುಂದಿನ ಬ್ರೇಕ್ ಕೆಲಸ ಮಾಡಬೇಕು, ಆದರೆ ಮುಟ್ಟಿದ ಕೂಡಲೇ ಕಚ್ಚಬಾರದು. ಜಲ್ಲಿ ಮಣ್ಣಿನ ಮೇಲೆ ಮುಂದಿನ ಚಕ್ರ ಕಚ್ಚಿದರೆ ಮಗು ನೇರ ಮುಂದಕ್ಕೆ ಬೀಳುತ್ತದೆ. ಚೈನ್ ಮತ್ತು ಸ್ಪ್ರಾಕೆಟ್ ಬಯಲಾಗಿದ್ದರೆ ತಗಡಿನ ಗಾರ್ಡ್ ಮಾಡಿಸಿ. ಸೈಲೆನ್ಸರ್ ಕಾಲಿಗೆ ತಾಗುವ ಕಡೆಗೂ ಒಂದು ಹೊದಿಕೆ ಬೇಕು. ಸೀಟ್ ಮೇಲೆ ಕೂತಾಗ ಅವಳ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಸೀಟಿನ ಸ್ಪಂಜ್ ಕೊಯ್ಯಿಸಿ.

ಜಾಗ ಎಲ್ಲಿ? ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ ಎಂದು ಅಲ್ಲಿಗೆ ಹೋಗಬೇಡಿ. ಸಿಮೆಂಟ್ ಮೇಲೆ ಬಿದ್ದರೆ ಚರ್ಮ ಉಳಿಯುವುದಿಲ್ಲ. ಕೊಯ್ಲಾದ ಒಣ ಗದ್ದೆ ಇದ್ದರೆ ಅದೇ ಒಳ್ಳೆಯದು. ಬದು, ಮುಳ್ಳುತಂತಿ ಬೇಲಿ, ಚರಂಡಿ ಇವುಗಳಿಂದ ದೂರ ಇರುವ ತುಂಡು ಆರಿಸಿ, ಸುತ್ತ ನಾಲ್ಕು ಹಳೇ ಟೈರ್ ಇಟ್ಟು ಗಡಿ ಮಾಡಿ. ತೋಟದ ಗೇಟು ದಾಟಿ ಪಂಚಾಯ್ತಿ ರಸ್ತೆಗೆ ಮಾತ್ರ ಹೋಗಬಾರದು, ನೂರು ಮೀಟರ್ ಆದರೂ ಸರಿ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ 50 ಸಿಸಿ ವರೆಗಿನ ಬೈಕನ್ನು ಸಾರ್ವಜನಿಕ ಜಾಗದಲ್ಲಿ ಓಡಿಸಲೂ 16 ವರ್ಷ ಆಗಿರಬೇಕು, ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ತಪ್ಪು ನಡೆದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಅಮೆರಿಕದ ಮಕ್ಕಳ ವೈದ್ಯರ ಸಂಘ 16 ತುಂಬದವರಿಗೆ ಇಂಥ ವಾಹನಗಳೇ ಬೇಡ ಎನ್ನುತ್ತದೆ. ಅದನ್ನೂ ತಿಳಿದುಕೊಂಡೇ ನೀವು ನಿರ್ಧರಿಸಬೇಕು. ಕೊಡುತ್ತೀರಿ ಎಂದಾದರೆ ಅವಳ ತಲೆಯ ಅಳತೆಯದೇ ಫುಲ್ ಫೇಸ್ ಹೆಲ್ಮೆಟ್, ಗ್ಲೌಸ್, ಮೊಣಕಾಲು ಮೊಣಕೈ ಪ್ಯಾಡ್, ಕಣಕಾಲು ಮುಚ್ಚುವ ಶೂ, ದಪ್ಪ ಪ್ಯಾಂಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗಬಾರದು. ದೊಡ್ಡವರ ಹೆಲ್ಮೆಟ್ಟಿಗೆ ಬಟ್ಟೆ ತುಂಬಿ ಹಾಕುವುದು ಬೇಡ.

ಬೈಕ್ ತಯಾರಾದ ಮೇಲೆ, ಅವಳಾಗಿ ಹತ್ತಿರ ಬಂದ ದಿನ, ಎಂಜಿನ್ ಆಫ್ ಇರುವಾಗಲೇ ಶುರು ಮಾಡಿ. ನೀವು ತಳ್ಳಿ, ಅವಳು ಬ್ರೇಕ್ ಹಿಡಿಯಲಿ. ಹೊರಡುವುದಕ್ಕಿಂತ ಮೊದಲು ನಿಲ್ಲಿಸುವುದು ಕೈಗೆ ಬರಬೇಕು. ಆಮೇಲೆ ಚಕ್ರ ಎತ್ತಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಅವಳನ್ನು ಮುಂದೆ ನಿಮ್ಮ ಪಕ್ಕದಲ್ಲಿ, ಚೈನಿನಿಂದ ದೂರ ನಿಲ್ಲಿಸಿಕೊಳ್ಳಿ. ನೀವು ಮೆಲ್ಲಗೆ ಎಕ್ಸಿಲೇಟರ್ ಕೊಟ್ಟು, ಯಾವ ಸದ್ದಿಗೆ ಚಕ್ರ ತಿರುಗಲು ಶುರುವಾಗುತ್ತದೆ ಎಂದು ಕೇಳಿಸಿ. ಮಕ್ಕಳ ಕಿವಿ ಚುರುಕು, ಎರಡೇ ಸಲಕ್ಕೆ ಹಿಡಿದುಬಿಡುತ್ತಾರೆ. ಮುಂದೆ ಓಡಿಸುವಾಗ ಆ ಸದ್ದು ಬರುವುದಕ್ಕೆ ಮೊದಲೇ ಅವಳ ಮೈ ತಯಾರಾಗಿರುತ್ತದೆ.

ಕೂರುವಾಗ ಸೀಟಿನ ಮುಂದಿನ ಭಾಗದಲ್ಲಿ ಕೂರಲಿ, ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ. ಮೊಣಕೈ ಹೊರಕ್ಕೆ ಎತ್ತಿರಬೇಕು. ಬಲಗೈಯಿಂದ ಹಿಡಿಕೆಯನ್ನು ಬಾಗಿಲಿನ ಗುಂಡು ಹಿಡಿ ತಿರುಗಿಸುವಂತೆ ಓರೆಯಾಗಿ ಹಿಡಿಯುವುದನ್ನು ಕಲಿಸಿ. ಹಾಗೆ ಹಿಡಿದರೆ ಮೈ ಹಿಂದಕ್ಕೆ ಹೋದರೂ ಮಣಿಕಟ್ಟು ಅಷ್ಟು ಸುಲಭವಾಗಿ ಕೆಳಗಿಳಿಯುವುದಿಲ್ಲ. ಮೊದಲ ದಿನ ಐದು ಮೀಟರ್ ಹೋಗಿ ನಿಲ್ಲುವುದಷ್ಟೇ ಪಾಠ. ಹದಿನೈದು ನಿಮಿಷ ಸಾಕು. ಮಕ್ಕಳಿಗೆ ಸುಸ್ತಾದಾಗ ಮೊದಲು ಸೋಲುವುದು ಕೈ ಹಿಡಿತ, ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಲಿಮಿಟರ್ ಸ್ಕ್ರೂ ಈಗ ಎಲ್ಲಿದೆಯೋ ಅಲ್ಲಿ ನೇಲ್ ಪಾಲಿಶ್‌ನಿಂದ ಒಂದು ಗುರುತು ಹಾಕಿಡಿ. ಅವಳು ನೀವು ಹೇಳದೆಯೇ ನಿಲ್ಲಿಸಿ, ತಿರುಗಿಸಿ, ಮತ್ತೆ ಹೊರಡುವಂತಾದ ಮೇಲೆ ಅರ್ಧ ಸುತ್ತು ಸಡಿಲಿಸಿ. ಟ್ಯೂಬ್ ಹಾಕಿದ್ದರೆ ಎರಡು ಮಿಲಿಮೀಟರ್ ಕತ್ತರಿಸಿ. ಪ್ರತಿ ಸಲ ಸಡಿಲಿಸಿದಾಗಲೂ ಅಕ್ಕಿ ಚೀಲದ ಪರೀಕ್ಷೆ ಮೊದಲು, ಅವಳ ಸರದಿ ಆಮೇಲೆ. ಸ್ಪ್ರಿಂಗ್ ಸೆಟ್ ನಿಮ್ಮ ಕಡೆ ಸಿಗದಿದ್ದರೆ ಹಳೆಯದನ್ನು ಬಿಚ್ಚಿ, ಅದರ ಉದ್ದ ಮತ್ತು ಎಷ್ಟು ಶೂಗಳ ಕ್ಲಚ್ ಎನ್ನುವುದನ್ನು ಬರೆದು ಫೋಟೋ ಜೊತೆ ಕಳಿಸಿ. ಯಾವುದು ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ.